ಎರೆ ಮಣ್ಣಿನ ಮೇಲೆ ಟರ್ಫ್ ಜಾಯಿಂಟ್: ನನ್ನ ಅನುಭವ

ಬಳ್ಳಾರಿಯಲ್ಲಿ ಟರ್ಫ್ (ಪ್ಲಾಸ್ಟಿಕ್ ಹುಲ್ಲಿನ ಹಾಸು) ರಿಪೇರಿ ಬಾಳಿಕೆ ಬರಲ್ಲ, ಎರಡು ಹಾಸು ಕೂಡುವ ಜಾಯಿಂಟ್ ಬಿಟ್ಟ ಮೇಲೆ ಕಿತ್ತು ಹೊಸದು ಹಾಕುವುದೇ ಸರಿ ಅಂತ ನಮ್ಮ ಲೈನಿನವರೆಲ್ಲ ಹೇಳುತ್ತಿದ್ದರು. ಮಾಲು ಮಾರುವವರು ಹಾಗೆ ಹೇಳಿದರೆ ಅರ್ಥವಾಗುತ್ತದೆ, ಅವರ ರೋಲ್ ಖರ್ಚಾಗಬೇಕಲ್ವಾ. ಆದರೆ ನನ್ನ ಜೊತೆ ಕೆಲಸ ಮಾಡುವ ಹುಡುಗರೂ ಅದನ್ನೇ ಹೇಳಿದರು. ಸಿರುಗುಪ್ಪ ರಸ್ತೆ ಕಡೆ ಒಂದು ಮನೆಯ ಅಂಗಳದಲ್ಲಿ ನಾನು ಕೂಡಿಸಿದ ಜಾಯಿಂಟ್ ಈಗ ಎರಡು ಬೇಸಿಗೆ, ಎರಡು ಮಳೆಗಾಲ ಕಂಡಿದೆ. ಉಗುರು ಹಾಕಿ ಎಳೆದರೂ ಏಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಂಗಳ ಸುಮಾರು 600 ಚದರ ಅಡಿ. 35 ಎಂಎಂ ಎತ್ತರದ ಎಳೆಯ ಮಾಲು, ಹಾಕಿ ಮೂರು ವರ್ಷದ ಮೇಲಾಗಿತ್ತು. ಎರಡೂ ಜಾಯಿಂಟ್ ಎರಡು ಬೆರಳಷ್ಟು ಬಾಯಿ ಬಿಟ್ಟಿದ್ದವು. ದೊಡ್ಡ ಕಿಟಕಿಯ ಎದುರು ಒಂದು ಪಟ್ಟಿ ಕರಗಿ ಮುರುಟಿತ್ತು. ಹೊಸದಾಗಿ ಹಾಕಲು ಅವರಿಗೆ 45 ಸಾವಿರ ಹೇಳಿದ್ದರಂತೆ. ನಾನು 16 ಸಾವಿರಕ್ಕೆ ಒಪ್ಪಿಕೊಂಡೆ. 'ವರ್ಷದೊಳಗೆ ಬಿಟ್ಟರೆ ದುಡ್ಡು ವಾಪಸ್ ಸರ್' ಅಂತಲೂ ಹೇಳಿದೆ.

ಅದಕ್ಕೂ ಮೊದಲು ಬೇರೆ ಬೇರೆ ಕಡೆ ಎಲ್ಲ ತರದ ಗಮ್ ಹಾಕಿ ನೋಡಿಯಾಗಿತ್ತು. ಚಪ್ಪಲಿಗೆ ಹಾಕುವ ಹಳದಿ ಗಮ್ ಚಳಿಗಾಲದಲ್ಲಿ ಚೆನ್ನಾಗಿರುತ್ತದೆ, ಏಪ್ರಿಲ್ ಬಂದರೆ ಮೆತ್ತಗಾಗಿ ದಾರದಂತೆ ಎಳೆಯುತ್ತದೆ. ಗ್ಲೂ ಗನ್ ಕಡ್ಡಿ ಇನ್ನೂ ದಂಡ. ನಮ್ಮ ಮೇ ತಿಂಗಳ ಮಧ್ಯಾಹ್ನ ಟರ್ಫ್ ಮೇಲೆ ಥರ್ಮಾಮೀಟರ್ ಗನ್ ಹಿಡಿದರೆ 60 ಡಿಗ್ರಿ ದಾಟಿರುತ್ತದೆ, ಆ ಬಿಸಿಗೆ ಕಡ್ಡಿಯ ಅಂಟು ಮತ್ತೆ ಸಡಿಲವಾಗುತ್ತದೆ. ಸಿಲಿಕೋನ್ ಗಮ್ ಟರ್ಫ್‌ನ ಅಡಿಭಾಗದ ಬ್ಯಾಕಿಂಗ್‌ಗೆ ಹಿಡಿಯುವುದೇ ಇಲ್ಲ, ಉದ್ದಕ್ಕೆ ಸಿಪ್ಪೆಯಾಗಿ ಬರುತ್ತದೆ. ಕೊನೆಗೆ ಎರಡು ಡಬ್ಬಿ ಕಲಸುವ ಪಿಯು (ಪಾಲಿಯುರೆಥೇನ್) ಗಮ್ ತಂದೆ. ಅದು ನಿಂತಿತು. ಆದರೆ ಆರು ತಿಂಗಳಿಗೆ ಅದರ ಪಕ್ಕದಲ್ಲೇ ಬ್ಯಾಕಿಂಗ್ ಹರಿದಿತ್ತು! ಇದರಲ್ಲೇ ಐದಾರು ಸಾವಿರ ಕೈಯಿಂದ ಹೋಯಿತು.

ಗಮ್ ಗಟ್ಟಿಯಿದ್ದೂ ಬ್ಯಾಕಿಂಗ್ ಹರಿಯುತ್ತದೆ ಅಂದರೆ ಕೆಳಗಿನಿಂದ ಯಾರೋ ಎಳೆಯುತ್ತಿದ್ದಾರೆ ಅಂತ ಅರ್ಥ. ಎಳೆಯುತ್ತಿದ್ದದ್ದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಎರಡು ಇಂಚು ಕ್ರಷರ್ ಡಸ್ಟ್ (ಜಲ್ಲಿ ಪುಡಿ) ಹರಡಿ ಟರ್ಫ್ ಹಾಸಿ ಹೋಗಿರುತ್ತಾರೆ. ಬಿರುಕು ಬಿಟ್ಟಾಗ ಡಸ್ಟ್ ಅದರೊಳಗೆ ಇಳಿಯುತ್ತದೆ, ಟರ್ಫ್‌ನ ಅತಿ ಬಲಹೀನ ಜಾಗ ಜಾಯಿಂಟ್, ಅದು ಮೊದಲು ಬಾಯಿ ಬಿಡುತ್ತದೆ.

ಹಾಗಾಗಿ ಈ ಸಲ ಗಮ್‌ಗಿಂತ ಮೊದಲು ಗುದ್ದಲಿ ಹಿಡಿದೆ. ಎಳೆಗಳ ನಡುವೆ ತುಂಬಿದ್ದ ಹಳೆಯ ಸಿಲಿಕಾ ಮರಳನ್ನು ಗುಡಿಸಿ ಚೀಲಕ್ಕೆ ತುಂಬಿಸಿಟ್ಟೆ, ಜರಡಿ ಹಿಡಿದರೆ ಮುಕ್ಕಾಲು ಭಾಗ ಮತ್ತೆ ಬರುತ್ತದೆ. ಜಾಯಿಂಟಿನ ಎರಡೂ ಕಡೆ ಟರ್ಫ್ ಮಡಚಿ, ಒಂದೂವರೆ ಅಡಿ ಅಗಲ, ಆರು ಇಂಚು ಆಳ ಎರೆ ತೆಗೆಸಿದೆ. ಕೆಳಗೆ ಗರಸು, ಮೇಲೆ ಡಸ್ಟ್, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಿಮ್ಮಸು. ಇಡೀ ಅಂಗಳ ಅಗೆಯಬೇಕಿಲ್ಲ, ಜಾಯಿಂಟಿನ ಕೆಳಗೆ ಸಾಕು. ಇದನ್ನೇ ಯಾರೂ ನಂಬಲಿಲ್ಲ.

ಇನ್ನು ಹೊತ್ತು. ಬೆಳಿಗ್ಗೆ ತಂಪಲ್ಲಿ ಬಿಗಿಯಾಗಿ ಕೂಡಿಸಿದರೆ ಮಧ್ಯಾಹ್ನ ಹಿಗ್ಗಿ ಸುಕ್ಕಾಗುತ್ತದೆ. ಮಧ್ಯಾಹ್ನ ಗಮ್ ಹಚ್ಚಿದರೆ ಹರಡುವಷ್ಟರಲ್ಲಿ ಮೇಲೆ ಕೆನೆ ಕಟ್ಟುತ್ತದೆ. ನಾನು ಗೋಡೆ ಕಡೆಯ ಮೊಳೆ ಕಿತ್ತು, ಹಾಸು ಇಡೀ ದಿನ ಬಿಸಿಲು ಕುಡಿಯಲಿ ಅಂತ ಬಿಟ್ಟೆ. ಸುಮ್ನೆ ಎಳೆದರೆ ಸಾಕು, ಜಾಗಕ್ಕೆ ಬಂತು. ಸಂಜೆ ಐದರ ಹೊತ್ತಿಗೆ ಜಾಯಿಂಟಿನ ಕೆಳಗೆ ಕೂಡಿಸುವ ಟೇಪ್ ಹಾಸಿ ಗಮ್ ಹಚ್ಚಿದೆ. ಎರಡು ಅಂಚಿನ ನಡುವೆ 2–3 ಎಂಎಂ ಸಂದಿ ಬಿಟ್ಟೆ. ರಾತ್ರಿ ಕುಗ್ಗುವಾಗ ಹಸಿ ಗಮ್ ಎಳೆಯಬಾರದು. ಅದಕ್ಕೆ ಜಾಯಿಂಟಿನಿಂದ ಒಂದು ಗೇಣು ಆಚೆ ಎರಡೂ ಕಡೆ ಅಡಿಗೊಂದು ಮೊಳೆ, ಮೇಲೆ ಉದ್ದಕ್ಕೂ ಮರಳಿನ ಚೀಲ. ಎರಡು ದಿನ ಕಳೆದು ಮೊಳೆ ಕಿತ್ತೆ. ಗೋಡೆ ಕಡೆ ಉಳಿದ ಸಂದಿಗೆ ಬೆಣಚುಕಲ್ಲು ಸುರಿದೆ, ನೋಡಲೂ ಚೆನ್ನಾಗಿದೆ. ಎಳೆಗಳು ಗಮ್‌ಗೆ ಸಿಗದ ಹಾಗೆ ಹೇಗೆ ಹಿಡಿದಿಟ್ಟೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಕರಗಿದ ಪಟ್ಟಿಗೆ ಹೊಸ ತುಂಡು ಹಾಕಿದ್ದರೆ ಹಸಿರು ಎದ್ದು ಕಾಣುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಮೂಲೆಯಿಂದ ಅದೇ ಬಿಸಿಲಿಗೆ ಮಾಸಿದ ತುಂಡು ಕತ್ತರಿಸಿ ತಂದೆ, ಎಳೆಯ ದಿಕ್ಕು ನೋಡಿ ಕೂರಿಸಿದೆ. ಹೊಸ ತುಂಡನ್ನು ಮೂಲೆಗೆ ಹಾಕಿದೆ. ಮನೆಯವರಿಗೇ ಪ್ಯಾಚ್ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಕರಗಿದ್ದು ಕಿಟಕಿ ಗಾಜಿನ ಪ್ರತಿಫಲನದಿಂದ. ಗಾಜಿನ ಹೊರಗಡೆ ಸೊಳ್ಳೆ ಜಾಲರಿ ಹಾಕಿಸಿದ ಮೇಲೆ ಮತ್ತೆ ಆಗಿಲ್ಲ.

ಖರ್ಚು ನೆನಪಿದ್ದಷ್ಟು: ಗಮ್ 2,800, ಟೇಪ್ ನಾನೂರೈವತ್ತರ ಹತ್ತಿರ, ಗರಸು ಮತ್ತು ಡಸ್ಟ್ ಬಾಡಿಗೆ ಸೇರಿ 2,500, ಮರಳು 1,500, ಕೂಲಿ ನಾಲ್ಕು ಸಾವಿರ. ಕೈಗೆ ಐದು ಸಾವಿರಕ್ಕೆ ಸ್ವಲ್ಪ ಕಡಿಮೆ ಉಳಿಯಿತು. ಕೂಲಿ ಕಡಿಮೆ ಮಾಡಲು ಹೋಗಬೇಡಿ, ದಿಮ್ಮಸು ಅರ್ಧಕ್ಕೆ ಬಿಟ್ಟರೆ ಎಲ್ಲವೂ ದಂಡ.

ಸಂಡೂರು, ತೋರಣಗಲ್ಲು ಕಡೆಯ ಮನೆಗಳಲ್ಲಿ ಕೆಂಪು ಧೂಳು ಇನ್ನೊಂದು ತಲೆನೋವು. ಎಲ್ಲರೂ ಮೊದಲು ಪೈಪ್ ಹಿಡಿಯುತ್ತಾರೆ. ಧೂಳು ಕೆಸರಾಗಿ ಬ್ಯಾಕಿಂಗಿನ ತೂತುಗಳಲ್ಲಿ ಕೂರುತ್ತದೆ, ಮಳೆಗೆ ನೀರು ಇಂಗಲ್ಲ. ಮೊದಲು ಒಣಗಿದ್ದಾಗಲೇ ಬ್ಲೋವರ್ ಹಿಡಿಯಿರಿ, ಎಳೆಯ ವಿರುದ್ಧ ದಿಕ್ಕಿಗೆ ಗಟ್ಟಿ ಪೊರಕೆ ಆಡಿಸಿ, ಆಮೇಲೆ ನೀರು. ನಾಯಿ ಉಚ್ಚೆ ವಾಸನೆಗೆ ಬಿಳಿ ವಿನಿಗರ್ ಒಂದು ಪಾಲು, ನೀರು ಒಂದು ಪಾಲು ಸುರಿದು ತೊಳೆದರೆ ತಕ್ಕಮಟ್ಟಿಗೆ ಹೋಗುತ್ತದೆ. ಎಳೆಗಳ ನಡುವೆ ಮರಳಿನ ಬದಲು ಕಪ್ಪು ರಬ್ಬರ್ ಪುಡಿಯನ್ನೂ ಒಂದು ಮೂಲೆಯಲ್ಲಿ ಹಾಕಿ ನೋಡಿದ್ದೆ. ಮರಳಿಗಿಂತ ಜಾಸ್ತಿ ಕಾಯಿತು, ಮಕ್ಕಳು ಕಾಲಿಡಲು ಆಗಲಿಲ್ಲ, ತೆಗೆದು ಹಾಕಿದೆ.

ಈಗ ಕೊಪ್ಪಳದಲ್ಲಿ ಒಬ್ಬರು ಮನೆಯ ತಾರಸಿ ಮೇಲಿನ ಟರ್ಫ್ ತೋರಿಸಿದ್ದಾರೆ. ಅಲ್ಲಿ ಎರೆ ಕಾಟವಿಲ್ಲ, ಆದರೆ ಮೊಳೆ ಹೊಡೆದರೆ ಮನೆ ಸೋರುತ್ತದೆ. ಗಮ್ ಒಣಗುವವರೆಗೆ ಕಡಪ ಕಲ್ಲಿನ ಉದ್ದನೆ ಪಟ್ಟಿಗಳನ್ನು ಎರಡೂ ಕಡೆ ಭಾರಕ್ಕಿಟ್ಟು ನೋಡಬೇಕೆಂದಿದ್ದೇನೆ.