ದೋರು ಕಣಿವೆಯ ದೊಡ್ಡಮನೆಯಲ್ಲಿ ಉಳಿಯಲು ನಾನು ಮಾಡಿಕೊಳ್ಳುವ ಸಿದ್ಧತೆ

ಪೋರ್ಚುಗಲ್ಲಿನ ದೋರು ಕಣಿವೆಯಲ್ಲಿ ದ್ರಾಕ್ಷಿತೋಟದ ಒಡೆಯರ ಹಳೇ ದೊಡ್ಡಮನೆಗಳು ಅತಿಥಿಗಳಿಗೆ ಕೋಣೆ ಕೊಡುತ್ತವೆ. ಎಷ್ಟೋ ಕಡೆ ಮನೆಯವರು ಅಲ್ಲೇ ವಾಸವಿರುತ್ತಾರೆ, ತೋಟದ ಕೆಲಸ ಅದರ ಪಾಡಿಗೆ ನಡೆದಿರುತ್ತದೆ. ಅಲ್ಲಿ ಸುಖವಾಗಿ ಉಳಿಯುತ್ತೇವೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಬುಕ್ ಮಾಡುವ ಮೊದಲೇ ತೀರ್ಮಾನವಾಗಿರುತ್ತದೆ. ಅದಕ್ಕೇ ನನ್ನ ಅರ್ಧ ಶ್ರಮ ಇಮೇಲ್ ಬರೆಯುವುದಕ್ಕೆ ಹೋಗುತ್ತದೆ.

ಮೊದಲು ನೋಡುವುದು ಮನೆಯ ವರ್ಗ. ಐತಿಹಾಸಿಕ ಅಥವಾ ವಾಸ್ತುಶಿಲ್ಪದ ಮಹತ್ವವಿರುವ ಮನೆಗಳಿಗೆ ಅಲ್ಲಿನ ಕಾನೂನಿನಲ್ಲಿ ‘ತುರಿಜ್ಮು ದ ಅಬಿತಸಾಂವ್’ ಎಂಬ ಪ್ರತ್ಯೇಕ ವರ್ಗವಿದೆ. 2008ರ ಕಾಯ್ದೆಯಂತೆ ಇಂಥ ಮನೆಯಲ್ಲಿ ಅತಿಥಿಗಳಿಗೆ 15ಕ್ಕಿಂತ ಹೆಚ್ಚು ಕೋಣೆ ಇಡುವಂತಿಲ್ಲ. ಬರೀ ‘ಕಿಂತಾ’, ಅಂದರೆ ತೋಟದ ಮನೆ, ಅಂತ ಬೋರ್ಡ್ ಇದ್ದರೆ ಸಾಲದು, ಹೊಸದಾಗಿ ಕಟ್ಟಿದ ಹೋಟೆಲುಗಳೂ ಅದೇ ಹೆಸರಿಟ್ಟುಕೊಳ್ಳುತ್ತವೆ. ಕಲ್ಲಿನ ಲಾಂಛನ, ಸ್ವಂತ ಪ್ರಾರ್ಥನಾ ಮಂದಿರ, ಗ್ರಾನೈಟ್ ಮೆಟ್ಟಿಲಿನ ಭವ್ಯ ಮನೆಗಳೇ ಬೇಕೆನ್ನುವವರು ಉತ್ತರದ ಮಿನ್ಹೋ ಸೀಮೆಯ ಪೊಂಟೆ ದ ಲಿಮಾ ಕಡೆ ನೋಡಬಹುದು. ಅದು ಲೊರೆಯ್ರು ದ್ರಾಕ್ಷಿಯಿಂದ ಮಾಡುವ ವಿನ್ಯು ವೆರ್ದ್ ಎಂಬ ಹಗುರ ವೈನಿನ ನಾಡು, ಹಸಿರು ಜಾಸ್ತಿ, ಮಳೆಯೂ ಜಾಸ್ತಿ. ವೈನ್ ಹೇಗೆ ಆಗುತ್ತದೆ ಎಂದು ಕಣ್ಣಾರೆ ನೋಡಬೇಕಾದರೆ ನನ್ನ ಆಯ್ಕೆ ದೋರು. ಪೋರ್ಟ್ ಎಂಬ ಸಿಹಿ ವೈನಿಗಾಗಿ 1756ರಲ್ಲೇ ಸರ್ಕಾರ ಗಡಿ ಗುರುತಿಸಿ ನಿಯಂತ್ರಿಸಿದ ಸೀಮೆ ಇದು. ಕಪ್ಪು ಪದರಗಲ್ಲಿನ ಗೋಡೆ ಕಟ್ಟಿ ಮಾಡಿದ ಇಲ್ಲಿನ ಮೆಟ್ಟಿಲು ತೋಟಗಳು 2001ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು.

ತಿಂಗಳು ಆರಿಸುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ‘ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ’ ಎಂದು ಆ ಕಡೆಯ ಜನರೇ ಹೇಳುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. ಆರಾಮವಾಗಿ ಇರಬೇಕೆಂದರೆ ಮೇ, ಜೂನ್ ಒಳ್ಳೆಯದು. ಆಗ ತೋಟ ಹಸಿರಾಗಿರುತ್ತದೆ, ಮನೆಯವರಿಗೂ ಕೂತು ಮಾತಾಡಲು ಪುರುಸೊತ್ತಿರುತ್ತದೆ. ಸೆಪ್ಟೆಂಬರಿನಿಂದ ಅಕ್ಟೋಬರ್ ಮೊದಲ ವಾರದವರೆಗೆ ಕೊಯ್ಲು. ನೋಡಲು ಅದೇ ಅತ್ಯುತ್ತಮ ಕಾಲ, ಆದರೆ ಬೆಳಗಾಗುವ ಮೊದಲೇ ಟ್ರ್ಯಾಕ್ಟರ್ ಸದ್ದು ಶುರುವಾಗುತ್ತದೆ, ಕೋಣೆಗಳು ತಿಂಗಳುಗಟ್ಟಲೆ ಮುಂಚೆಯೇ ತುಂಬಿರುತ್ತವೆ. ಕೊಯ್ಲಿನ ದಿನ ನಿರ್ಧರಿಸುವುದು ಹಣ್ಣಿನ ಸಕ್ಕರೆ ಮತ್ತು ಮಳೆ. ಆದ್ದರಿಂದ ‘ಇಂಥ ತಾರೀಕು ದ್ರಾಕ್ಷಿಯನ್ನು ಕಾಲಲ್ಲಿ ತುಳಿಯುವುದು ಇರುತ್ತದಾ’ ಅಂತ ಕೇಳಿದರೆ ಯಾರೂ ಖಚಿತವಾಗಿ ಹೇಳಲಾರರು. ಮೂರು ರಾತ್ರಿಯಾದರೂ ಇಟ್ಟುಕೊಂಡರೆ ಸಿಗುವ ಸಾಧ್ಯತೆ ಹೆಚ್ಚು. ಚಳಿಗಾಲದಲ್ಲಿ ಕೆಲವು ಮನೆ ಬಾಗಿಲು ಹಾಕಿರುತ್ತವೆ, ತೆರೆದಿದ್ದರೂ ದಪ್ಪ ಕಲ್ಲುಗೋಡೆ ಒಮ್ಮೆ ತಣ್ಣಗಾದರೆ ಬಿಸಿಯೇರಲು ಒಂದೆರಡು ದಿನ ಹಿಡಿಯುತ್ತದೆ.

ನನ್ನ ಇಮೇಲ್‌ನಲ್ಲಿ ಇವಿಷ್ಟು ಇದ್ದೇ ಇರುತ್ತವೆ: ಕೋಣೆ ಹಳೇ ಮನೆಯೊಳಗಿದೆಯೋ, ಹೊರಗಿನ ಹೊಸ ಕಟ್ಟಡದಲ್ಲೋ? ಎಷ್ಟನೇ ಮಹಡಿ, ಎಷ್ಟು ಮೆಟ್ಟಿಲು? ಲಿಫ್ಟ್ ಇರುವುದು ಅಪರೂಪ, ಜೊತೆಗೆ ವಯಸ್ಸಾದವರಿದ್ದರೆ ಇದೇ ಮುಖ್ಯ ಪ್ರಶ್ನೆ. ಬಾತ್‌ರೂಮು ಕೋಣೆಗೆ ಸೇರಿದೆಯೋ, ಕಾರಿಡಾರಿನಾಚೆಯೋ? ಎಸಿ ಅಥವಾ ಸೆಂಟ್ರಲ್ ಹೀಟಿಂಗ್ ಉಂಟೋ? ರಾತ್ರಿ ಊಟ ಕೊಡುತ್ತೀರಾ, ಎಷ್ಟು ಹೊತ್ತಿನೊಳಗೆ ಹೇಳಬೇಕು? ಕೊನೆಯದಾಗಿ, ಗೇಟಿನ ಜಿಪಿಎಸ್ ಅಕ್ಷಾಂಶ-ರೇಖಾಂಶ ಕಳಿಸಿ ಎನ್ನುತ್ತೇನೆ. ಹಳ್ಳಿಗಳಲ್ಲಿ ಏಳಂಕಿಯ ಪಿನ್‌ಕೋಡ್ ಒಂದಿಡೀ ಗುಡ್ಡಕ್ಕೆ ಅನ್ವಯವಾಗಿರಬಹುದು. ಅದನ್ನೇ ಮ್ಯಾಪಿಗೆ ಕೊಟ್ಟರೆ ಟ್ರ್ಯಾಕ್ಟರ್ ದಾರಿಯಲ್ಲಿ ಸಿಕ್ಕಿಕೊಂಡು ಕಾರು ಹಿಂದಕ್ಕೆ ತೆಗೆಯಬೇಕಾಗುತ್ತದೆ.

ಷೆಂಗೆನ್ ವೀಸಾಕ್ಕೆ ವಸತಿಯ ಪುರಾವೆ ಬೇಕು. ಸಣ್ಣ ಮನೆಗಳು ಬರೀ ‘ಸರಿ, ಬನ್ನಿ’ ಎಂದು ಇಮೇಲ್ ಕಳಿಸಿಬಿಡುತ್ತವೆ, ಅದು ಸಾಲುವುದಿಲ್ಲ. ಪಾಸ್‌ಪೋರ್ಟಿನಲ್ಲಿರುವಂತೆಯೇ ಎಲ್ಲರ ಹೆಸರು, ತಾರೀಕು, ಮನೆಯ ಪೂರ್ತಿ ವಿಳಾಸ, ಸಹಿ ಇರುವ ಪತ್ರ ಕೇಳಿ ತರಿಸಿಕೊಳ್ಳುತ್ತೇನೆ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆಯೂ ಬೇಕು. ಮನೆ ತಲುಪಿದ ಕೂಡಲೇ ಪಾಸ್‌ಪೋರ್ಟ್ ಕೇಳುತ್ತಾರೆ, ಗಾಬರಿ ಬೇಡ. ವಿದೇಶಿ ಅತಿಥಿಗಳ ವಿವರವನ್ನು ಸರ್ಕಾರಕ್ಕೆ ಕಳಿಸುವುದು ಅವರ ಕಾನೂನುಬದ್ಧ ಕರ್ತವ್ಯ.

ಹೋಗುವ ದಾರಿಯಲ್ಲಿ ನನಗೆ ರೈಲೇ ಇಷ್ಟ. ಪೋರ್ಟೊ ನಗರದಿಂದ ಕಣಿವೆಯ ನಡುವಿನ ಪಿನ್ಯಾಂವ್ ಊರಿಗೆ ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಬದಿಯ ಸೀಟು ಹಿಡಿಯಿರಿ, ನದಿ ಆ ಕಡೆಗೇ ಇರುತ್ತದೆ. ಪಿನ್ಯಾಂವ್ ನಿಲ್ದಾಣದ ಗೋಡೆಯ ನೀಲಿ ಹೆಂಚಿನ ಚಿತ್ರಗಳಲ್ಲಿ ಕೊಯ್ಲು, ಬುಟ್ಟಿ ಹೊರುವವರು, ದೋಣಿ ಎಲ್ಲ ಇವೆ, ಹತ್ತು ನಿಮಿಷ ನಿಂತು ನೋಡಿ. ಮುಷ್ಕರದಿಂದ ರೈಲು ರದ್ದಾಗುವುದುಂಟು, ಹಿಂದಿನ ದಿನ ಪರಿಶೀಲಿಸಿಕೊಳ್ಳುವುದು ಒಳ್ಳೆಯದು. ನಿಲ್ದಾಣದಿಂದ ಮನೆಗೆ ಟ್ಯಾಕ್ಸಿ ಬೇಕಾದರೆ ಮನೆಯವರಿಗೇ ಹೇಳಿಡಬೇಕು, ಅಲ್ಲಿ ಸಾಲುಗಟ್ಟಿ ನಿಂತಿರುವುದಿಲ್ಲ. ಕಾರು ತೆಗೆದುಕೊಳ್ಳುವವರು ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು, ಚಿಕ್ಕ ಕಾರನ್ನೇ ಆರಿಸಿ. ಕಣಿವೆಯ ರೆಗ್ವಾ ಪಟ್ಟಣದಿಂದ ಪಿನ್ಯಾಂವ್‌ವರೆಗಿನ ಎನ್222 ರಸ್ತೆ, ಸುಮಾರು 27 ಕಿ.ಮೀ., ನದಿಯ ಅಂಚಿನಲ್ಲೇ ಹೋಗುತ್ತದೆ. ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ, ಲೈಸೆನ್ಸ್ ಪಡೆದು ಮೂರು ವರ್ಷ ತುಂಬದವರಿಗೆ 0.2. ರುಚಿ ನೋಡುವಲ್ಲಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಚಾಲಕರು ಅದನ್ನು ಬಳಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹಳೇ ಮನೆಯನ್ನು ಬಳಸುವುದಕ್ಕೂ ಒಂದು ಕ್ರಮವಿದೆ. ಕಿಟಕಿಯ ಒಳಗಡೆ ಮರದ ಗಟ್ಟಿ ಬಾಗಿಲುಗಳಿರುತ್ತವೆ. ಬೇಸಿಗೆಯಲ್ಲಿ ಬಿಸಿಲು ಬೀಳುವ ಬದಿಯದನ್ನು ಬೆಳಗ್ಗೆ ಹತ್ತರೊಳಗೆ ಗಾಜಿನ ಸಮೇತ ಮುಚ್ಚಬೇಕು. ಕೋಣೆ ಕತ್ತಲಾಗುತ್ತದೆ, ಆಗಲಿ. ಸೂರ್ಯ ಇಳಿದು ಹೊರಗಿನ ಗಾಳಿ ತಂಪಾದ ಮೇಲೆ ಎದುರುಬದುರಿನ ಕಿಟಕಿ ಎರಡನ್ನೂ ತೆರೆದರೆ ಗೋಡೆಯ ಕಾವು ರಾತ್ರಿಯೆಲ್ಲ ಹೊರಹೋಗುತ್ತದೆ. ನಡು ಮಧ್ಯಾಹ್ನ ‘ಗಾಳಿ ಬರಲಿ’ ಅಂತ ಕಿಟಕಿ ತೆರೆದಿಟ್ಟರೆ ಕಲ್ಲು ಕಾದು, ನಡುರಾತ್ರಿಯವರೆಗೂ ಸೆಕೆ ಬಿಡುವುದಿಲ್ಲ.

ಕರೆಂಟಿನ ವಿಷಯವೂ ಹಾಗೇ. ಪ್ರತಿ ಮನೆ ಒಂದೇ ಸಲಕ್ಕೆ ಇಂತಿಷ್ಟೇ ಕರೆಂಟು (ಕೆವಿಎ ಲೆಕ್ಕದಲ್ಲಿ) ಬಳಸುತ್ತೇವೆ ಎಂದು ಒಪ್ಪಂದ ಮಾಡಿಕೊಂಡಿರುತ್ತದೆ. ಹೀಟರು, ಕೆಟಲು, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿ ಆ ಮಿತಿ ಮೀರಿದರೆ ಮೇನ್ ಬಿದ್ದು ಇಡೀ ಮನೆ ಕತ್ತಲಾಗುತ್ತದೆ. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಅಲ್ಲಿನ ಸಾಕೆಟ್ಟಿಗೆ ಹಿಡಿಯುತ್ತದೆ, ಮೂರು ಪಿನ್ನಿನ ಲ್ಯಾಪ್‌ಟಾಪ್ ಪ್ಲಗ್ ಹಿಡಿಯುವುದಿಲ್ಲ, ಅಡಾಪ್ಟರ್ ಬೇಕು. ರೈಸ್ ಕುಕ್ಕರ್ ತಂದು ಕೋಣೆಯಲ್ಲಿ ಅನ್ನ ಮಾಡುವ ಆಸೆ ಬಿಡಿ. ಹಳೇ ಮರದ ನೆಲ, ಹಳೇ ವೈರಿಂಗ್, ಎರಡಕ್ಕೂ ಅಪಾಯ. ಅಡುಗೆಮನೆ ಬಳಸಬಹುದಾ ಎಂದು ಕೇಳಿದರೆ ಒಪ್ಪುವವರುಂಟು. ಬಿಸಿನೀರಿನ ಟ್ಯಾಂಕು ಒಂದೇ ಇದ್ದರೆ ಎಲ್ಲರೂ ಒಂದರ ಹಿಂದೊಂದು ಸ್ನಾನಕ್ಕೆ ಹೋಗದೆ, ಇಬ್ಬರು ಬೆಳಗ್ಗೆ, ಇಬ್ಬರು ಸಂಜೆ ಎಂದು ಹಂಚಿಕೊಳ್ಳುವುದು ಜಾಣತನ.

ಸಸ್ಯಾಹಾರಿಗಳು ಬರೀ ‘ವೆಜಿಟೇರಿಯನ್’ ಎಂದು ಬರೆದರೆ ಮೀನು ತಿನ್ನುತ್ತೀರೆಂದು ಕೆಲವರು ತಿಳಿಯುತ್ತಾರೆ. ‘ನಾಂವ್ ಕೋಮು ಕಾರ್ನ್ ನೆಂ ಪೆಯ್ಷ್’, ಅಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ, ಎಂದು ಬಿಡಿಸಿ ಹೇಳಬೇಕು. ಕಾಲ್ದು ವೆರ್ದ್ ಸೊಪ್ಪಿನ ಸಾರಾದರೂ ಅದರಲ್ಲಿ ಹಂದಿಮಾಂಸದ ಸಾಸೇಜಿನ ಬಿಲ್ಲೆ ತೇಲುತ್ತದೆ, ಮೊದಲೇ ತಿಳಿಸಿದರೆ ಹಾಕದೆ ಮಾಡಿಕೊಡುತ್ತಾರೆ. ಸೆರ್ರಾ ದ ಇಶ್ತ್ರೆಲಾ ಎಂಬ ಕುರಿಹಾಲಿನ ಚೀಸನ್ನು ಧೈರ್ಯವಾಗಿ ತಿನ್ನಿ. ಅದರ ಹಾಲು ಒಡೆಸಲು ಪ್ರಾಣಿಮೂಲದ ರೆನೆಟ್ ಬದಲು ಒಂದು ಜಾತಿಯ ಮುಳ್ಳುಗಿಡದ ಹೂವು ಬಳಸುತ್ತಾರೆ. ಮೆಕ್ಕೆಜೋಳದ ಬ್ರೆಡ್ಡು, ಕ್ವಿನ್ಸ್ ಹಣ್ಣಿನ ಗಟ್ಟಿ ಹಲ್ವ, ಮನೆಯ ಜಾಮು ಬೆಳಗಿನ ತಿಂಡಿಗೆ ಧಾರಾಳವಾಗಿ ಸಿಗುತ್ತವೆ. ಮನೆಯೊಡತಿಯನ್ನು ಹೆಸರಿಗೆ ಮೊದಲು ‘ಡೋನಾ’ ಸೇರಿಸಿ ಕರೆಯುವುದು ಅಲ್ಲಿನ ಮರ್ಯಾದೆ.

ಕೊಯ್ಲಿನ ಕಾಲಕ್ಕೆ ಹೋದವರು ಲಗಾರ್ ತುಳಿತವನ್ನು ತಪ್ಪಿಸಿಕೊಳ್ಳಬಾರದು. ಲಗಾರ್ ಎಂದರೆ ಗ್ರಾನೈಟಿನ ಚೌಕ ತೊಟ್ಟಿ. ರಾತ್ರಿ ಊಟವಾದ ಮೇಲೆ ಕೆಲಸದವರು ಹೆಗಲಿಗೆ ಹೆಗಲು ಕೂಡಿಸಿ ಸಾಲಾಗಿ ನಿಂತು, ಎಣಿಕೆಗೆ ತಕ್ಕಂತೆ ಸುಮಾರು ಎರಡು ಗಂಟೆ ಹೆಜ್ಜೆ ಹಾಕುತ್ತಾರೆ. ಇದಕ್ಕೆ ‘ಕೋರ್ತ್’ ಎನ್ನುತ್ತಾರೆ. ಆಮೇಲೆ ‘ಲಿಬೆರ್ದಾದ್’, ಸಂಗೀತ ಹಾಕಿಕೊಂಡು ಮನಬಂದಂತೆ ತುಳಿಯಬಹುದು. ಅತಿಥಿಗಳನ್ನು ಸಾಮಾನ್ಯವಾಗಿ ಇಳಿಸುವುದು ಆಗಲೇ. ಕಾಲು ತೊಳೆದು, ಕಡುಬಣ್ಣದ ಗಿಡ್ಡ ಚಡ್ಡಿ ಹಾಕಿ ಇಳಿಯಿರಿ, ರಸ ತೊಡೆಯವರೆಗೂ ಬರುತ್ತದೆ, ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಹೊಸ ಹಣ್ಣು ತಣ್ಣಗೆ ಕೊರೆಯುತ್ತದೆ, ತೊಟ್ಟುಗಳು ಚುಚ್ಚುತ್ತವೆ. ಹುದುಗು ಶುರುವಾದ ಲಗಾರ್ ಬೆಚ್ಚಗಿರುತ್ತದೆ, ಆದರೆ ಅದರಿಂದ ಇಂಗಾಲದ ಡೈಆಕ್ಸೈಡ್ ಏಳುತ್ತಿರುತ್ತದೆ. ಮುಖ ಬಗ್ಗಿಸಿ ಮೂಸಬೇಡಿ, ಮಕ್ಕಳನ್ನು ಅಂಚಿನ ಹತ್ತಿರ ಬಿಡಬೇಡಿ. ಯಂತ್ರಗಳಿದ್ದೂ ಇನ್ನೂ ಕಾಲಲ್ಲೇ ತುಳಿಯುವುದಕ್ಕೆ ಕಾರಣವಿದೆ. ಅಂಗಾಲು ಸಿಪ್ಪೆಯ ಬಣ್ಣವನ್ನೆಲ್ಲ ಹಿಂಡುತ್ತದೆ, ಬೀಜವನ್ನು ಮಾತ್ರ ಒಡೆಯುವುದಿಲ್ಲ, ಹಾಗಾಗಿ ಕಹಿ ಇಳಿಯುವುದಿಲ್ಲ. ಪೋರ್ಟ್ ವೈನಿಗಾದರೆ, ಸಕ್ಕರೆ ಅರ್ಧದಷ್ಟು ಉಳಿದಿರುವಾಗಲೇ 77% ದ್ರಾಕ್ಷಿ ಸ್ಪಿರಿಟ್ ಬೆರೆಸಿ ಹುದುಗನ್ನು ನಿಲ್ಲಿಸುತ್ತಾರೆ. ಹಳೇ ಲೆಕ್ಕದಲ್ಲಿ 435 ಲೀಟರ್ ರಸಕ್ಕೆ 115 ಲೀಟರ್ ಸ್ಪಿರಿಟ್, ಒಟ್ಟು 550 ಲೀಟರಿನ ಒಂದು ಪೀಪಾಯಿ. ಅದರ ಸಿಹಿ ಬರುವುದು ಹೀಗೆ.

ಹೊರಡುವಾಗ ಮನೆಯ ನೆಲಮಾಳಿಗೆಯಿಂದಲೇ ಬಾಟಲಿ ಕೊಳ್ಳಬಹುದು. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ತಲಾ 2 ಲೀಟರ್, ಅಂದರೆ 750 ಮಿ.ಲೀ.ನ ಎರಡು ಬಾಟಲಿ. ಬಟ್ಟೆ ಸುತ್ತಿ ಚೆಕ್-ಇನ್ ಸೂಟ್‌ಕೇಸಿನ ನಡುಮಧ್ಯಕ್ಕೆ ಇಡಿ. ಮನೆಗೆ ತಂದು ಸ್ವಲ್ಪಸ್ವಲ್ಪವೇ ಕುಡಿಯುವವರು ವಿಂಟೇಜ್ (ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿ ಬಾಟಲಿಯಲ್ಲಿ ಮಾಗಿಸಿದ ಪೋರ್ಟ್) ಬಿಟ್ಟು ಟಾನಿ (ಪೀಪಾಯಿಯಲ್ಲಿ ಮಾಗಿಸಿದ ಪೋರ್ಟ್) ತೆಗೆದುಕೊಳ್ಳುವುದು ಮೇಲು. ವಿಂಟೇಜ್ ತೆರೆದರೆ ಒಂದೆರಡು ದಿನದಲ್ಲಿ ಮುಗಿಸಬೇಕು, ತಳದ ಗಷ್ಟು ಬಿಟ್ಟು ಬಗ್ಗಿಸಿಕೊಳ್ಳಬೇಕು. ವರ್ಷಗಟ್ಟಲೆ ಪೀಪಾಯಿಯಲ್ಲೇ ಕೂತ ಟಾನಿಗೆ ಗಾಳಿಯ ಒಡನಾಟ ಹಳೆಯದು. ಅದರ ಬಿರಡೆಗೆ ಹಿಡಿ ಇರುತ್ತದೆ, ಕೈಯಲ್ಲೇ ಎಳೆದು ತೆಗೆಯಬಹುದು. ಮತ್ತೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರ ಕೆಡುವುದಿಲ್ಲ.