ಹೆಪಟೈಟಿಸ್ ಬಿ ರೂಪಾಂತರಗಳು: ಯಾವ ಪ್ರಶ್ನೆಗೆ ಯಾವ ಕೋಶ?

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲು ಕೇಳೋದೇ ಇದು: "ಯಾವ ಕೋಶ ಬಳಸ್ಬೇಕು?" ನಿಮ್ಮ ಪ್ರಶ್ನೆ ಏನು ಅಂತ ನಾನು ತಿರುಗಿ ಕೇಳುತ್ತೇನೆ.

ಲ್ಯಾಮಿವುಡಿನ್ ಔಷಧಿಗೆ ಬಗ್ಗದ ಎಂ204ವಿ ರೂಪಾಂತರವನ್ನೇ ತಗೊಳ್ಳಿ, ಅಂದರೆ ವೈರಸ್ಸನ್ನು ನಕಲು ಮಾಡುವ ಪಾಲಿಮರೇಸ್ ಪ್ರೋಟೀನ್‌ನ 204ನೇ ಜಾಗದಲ್ಲಿ ಎಂ ಹೋಗಿ ವಿ ಬಂದದ್ದು. ವೈರಸ್ ಎಷ್ಟು ಚೆನ್ನಾಗಿ ನಕಲಾಗುತ್ತದೆ ಅನ್ನೋದಷ್ಟೇ ಪ್ರಶ್ನೆಯಾದರೆ ನನಗೆ ಮನುಷ್ಯರ ಯಕೃತ್ತಿನ ಕ್ಯಾನ್ಸರಿನಿಂದ ಬೆಳೆಸಿದ ಹುಹ್-7 ಕೋಶಗಳು ಸಾಕು. ಈ ಕೋಶಗಳಲ್ಲಿ ವೈರಸ್ ಒಳಗೆ ಬರೋಕೆ ಬೇಕಾದ ಎನ್‌ಟಿಸಿಪಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ವೈರಸ್ಸಿನ ಡಿಎನ್‌ಎಯನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯಲ್ಲಿಟ್ಟು ನಾವೇ ಒಳಗೆ ಕಳಿಸುತ್ತೇವೆ. ಎಂ204ವಿ ಒಂಟಿಯಾಗಿದ್ದರೆ ವೈರಸ್ ಸೊರಗುತ್ತದೆ, ಅದೇ ಪ್ರೋಟೀನ್‌ನ ಇನ್ನೊಂದು ಬದಲಾವಣೆ ಎಲ್180ಎಂ ಜೊತೆಗಿದ್ದರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಅದಕ್ಕೇ ಒಂಟಿ, ಜೋಡಿ ಎರಡನ್ನೂ ಒಟ್ಟಿಗೇ ಹಾಕುತ್ತೇನೆ.

ಅಳೆಯುವಾಗ ಜಾಸ್ತಿ ಎಚ್ಚರ ಬೇಕು. ಕೋಶದಲ್ಲಿ ಸಿಗುವ ಡಿಎನ್‌ಎಯಲ್ಲಿ ನಾವೇ ಹಾಕಿದ ಪ್ಲಾಸ್ಮಿಡ್ ಕೂಡ ಉಳಿದಿರುತ್ತದೆ. ಅದು ಬ್ಯಾಕ್ಟೀರಿಯಾದಲ್ಲಿ ಬೆಳೆದದ್ದು, ಅದರಲ್ಲಿ ಜಿ-ಎ-ಟಿ-ಸಿ ಅಕ್ಷರಗಳು ಸಾಲಾಗಿ ಬರುವ ಜಾಗಗಳಲ್ಲಿ (ಜಿಎಟಿಸಿ) ಮೀಥೈಲ್ ಎಂಬ ರಾಸಾಯನಿಕ ಗುರುತಿರುತ್ತದೆ. ಡಿಪಿಎನ್-1 ಕಿಣ್ವ ಆ ಗುರುತಿರುವುದನ್ನು ಮಾತ್ರ ಕತ್ತರಿಸುತ್ತದೆ. ಕೋಶದಲ್ಲಿ ಹೊಸದಾಗಿ ಹುಟ್ಟಿದ್ದಕ್ಕೆ ಆ ಗುರುತಿಲ್ಲ, ಅದು ಉಳಿಯುತ್ತದೆ. ಆದರೆ ಡಿಎನ್‌ಎ ತುಣುಕನ್ನು ಹೆಚ್ಚಿಸಿ ಅಳೆಯುವ ಪಿಸಿಆರ್ ಮಾಡುವಾಗ, ಆ ತುಣುಕಿನ ಎರಡು ತುದಿ ಗುರುತಿಸುವ ಪ್ರೈಮರ್‌ಗಳ ನಡುವೆ ಒಂದಾದರೂ ಜಿಎಟಿಸಿ ಇರಲೇಬೇಕು. ಇಲ್ಲದಿದ್ದರೆ ಕತ್ತರಿಸಿಯೂ ಉಪಯೋಗವಿಲ್ಲ, ಅಲ್ವಾ?

ಇನ್ನೊಂದು ವಿಷಯ. ಸುಮಾರು 3,200 ಅಕ್ಷರಗಳ ಈ ಪುಟ್ಟ ಜೀನೋಮ್‌ನಲ್ಲಿ ಜೀನ್‌ಗಳು ಒಂದರ ಮೇಲೊಂದು ಕೂತಿವೆ. ಪಾಲಿಮರೇಸ್‌ನಲ್ಲಿ ಎಂ204ವಿ ಮಾಡಿದರೆ ಮೇಲ್ಮೈ ಪ್ರೋಟೀನ್‌ನ 195ನೇ ಜಾಗವೂ ಬದಲಾಗುತ್ತದೆ. ಪ್ರತಿಕಾಯ ಬಳಸಿ ಪ್ರೋಟೀನ್ ಅಳೆಯುವ ಎಲಿಸಾ ಪರೀಕ್ಷೆಯಲ್ಲಿ ಅಂಕಿ ಇಳಿದರೆ ಪ್ರೋಟೀನ್ ಕಡಿಮೆ ಅಂತ ತಕ್ಷಣ ತೀರ್ಮಾನಿಸಬೇಡಿ. ಕಿಟ್‌ನ ಪ್ರತಿಕಾಯಕ್ಕೆ ಅದರ ಗುರುತು ಸಿಗದೆಯೂ ಇರಬಹುದು. ಮೇಲ್ಮೈ ಪ್ರೋಟೀನ್‌ನ ಜಿ145ಆರ್ ಎಂಬ ರೂಪಾಂತರದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನಾನು ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟನ್ನೂ ನೋಡಿಯೇ ಮುಂದೆ ಹೋಗುತ್ತೇನೆ.

ವೈರಸ್ ಒಳಗೆ ಹೇಗೆ ಬರುತ್ತದೆ ಅನ್ನೋದು ಪ್ರಶ್ನೆಯಾದರೆ ಎನ್‌ಟಿಸಿಪಿ ಸೇರಿಸಿದ ಹೆಪ್‌ಜಿ2 ಎಂಬ ಇನ್ನೊಂದು ಬಗೆಯ ಯಕೃತ್ತಿನ ಕೋಶಗಳೇ ಬೇಕು. ವೈರಸ್ಸಿಗೆ ಎನ್‌ಟಿಸಿಪಿಯೇ ಬಾಗಿಲು ಅಂತ ಪತ್ತೆಯಾದದ್ದು 2012ರಲ್ಲಿ. ಇಲ್ಲಿ ಸೋಂಕು ಹತ್ತಲು ನೆರವಾಗುವ ಎರಡು ರಾಸಾಯನಿಕ ಬೇಕು: ಕೋಶ ಬೆಳೆಯುವ ದ್ರವಕ್ಕೆ ಡಿಎಂಎಸ್‌ಒ, ಸೋಂಕು ಹಚ್ಚುವಾಗ ಪಿಇಜಿ ಸೇರಿಸುತ್ತೇವೆ. ಕೆಲಸ ನಿಧಾನ, ವೈರಸ್ ತುಂಬಾ ಬೇಕು.

ವೈರಸ್ಸಿನ ಇ ಆಂಟಿಜನ್ ಎಂಬ ಪ್ರೋಟೀನ್ ತಯಾರಿಯನ್ನು ನಿಲ್ಲಿಸುವ ಜಿ1896ಎ (ಜೀನೋಮ್‌ನ 1896ನೇ ಅಕ್ಷರ ಜಿ ಇದ್ದದ್ದು ಎ ಆಗುವ) ರೂಪಾಂತರದ ಬಗ್ಗೆ ಮಾತ್ರ ನಾನು ಹಟ ಹಿಡಿಯುತ್ತೇನೆ. ಭಾರತದಲ್ಲಿ ಜಾಸ್ತಿ ಸಿಗುವುದು ವೈರಸ್ಸಿನ ಎ ಮತ್ತು ಡಿ ಜೀನೋಟೈಪ್, ಅಂದರೆ ವಂಶವಾಹಿ ಬಗೆಗಳು. ಡಿ ಬಗೆಯಲ್ಲಿ ಈ ಬದಲಾವಣೆ ಆರ್‌ಎನ್‌ಎಯ ಮಡಿಕೆಯನ್ನು ಗಟ್ಟಿ ಮಾಡುತ್ತದೆ. ಎ ಬಗೆಯಲ್ಲಿ ಸಾಮಾನ್ಯವಾಗಿ 1858ನೇ ಅಕ್ಷರ ಸಿ ಆಗಿರುವುದರಿಂದ ಅದೇ ಮಡಿಕೆ ಸಡಿಲವಾಗುತ್ತದೆ. ಸುಮ್ನೆ ಫ್ರೀಜರ್‌ನಲ್ಲಿ ಸಿಕ್ಕಿದ ಪ್ಲಾಸ್ಮಿಡ್‌ಗೆ ಬದಲಾವಣೆ ತಂದರೆ ಉತ್ತರವೇ ತಿರುಗುಮುರುಗಾಗಬಹುದು. ರೋಗಿಯಲ್ಲಿರುವ ವೈರಸ್ಸಿನ ಜೀನೋಟೈಪ್ ಗೊತ್ತಾಗುವ ತನಕ ನಾನು ಪ್ಲಾಸ್ಮಿಡ್ ಕಟ್ಟಲು ಶುರು ಮಾಡುವುದಿಲ್ಲ.