ಬ್ಯಾಟ್‌ಮ್ಯಾನ್ ಕಾಮಿಕ್ಸ್: ಮೊದಲು ಯಾವ ಪುಸ್ತಕ ಹಿಡಿಯಬೇಕು?

ಬ್ಯಾಟ್‌ಮ್ಯಾನ್‌ನ ಒಂದನೇ ಸಂಚಿಕೆ ಬೇಕು ಎಂದು ಹುಡುಕಲು ಹೊರಟರೆ ಕಡೇಪಕ್ಷ ನಾಲ್ಕು ಸಿಗುತ್ತವೆ. ಒಂದು 1940ರದ್ದು, ಇನ್ನೊಂದು 2011ರದ್ದು, ಮತ್ತೊಂದು 2016ರದ್ದು. ನಾಲ್ಕನೆಯದು 2025ರ ಸೆಪ್ಟೆಂಬರ್‌ನಲ್ಲಿ ಬಂತು. ನಾಲ್ಕರ ಮೇಲೂ ಅದೇ ಹೆಸರು, ಅದೇ ‘1’. ಇವಕ್ಕೆಲ್ಲ ಮೊದಲು, 1939ರಲ್ಲಿ, ಬ್ಯಾಟ್‌ಮ್ಯಾನ್ ಹುಟ್ಟಿದ್ದು ‘ಡಿಟೆಕ್ಟಿವ್ ಕಾಮಿಕ್ಸ್’ ಎಂಬ ಬೇರೆ ಪತ್ರಿಕೆಯ 27ನೇ ಸಂಚಿಕೆಯಲ್ಲಿ. ಸಿನಿಮಾ ನೋಡಿ ಇಷ್ಟಪಟ್ಟು, ಮೂಲ ಕಾಮಿಕ್ಸ್ ಓದೋಣ ಎಂದು ಹೊರಟ ಎಷ್ಟೋ ಜನ ಈ ಲೆಕ್ಕದಲ್ಲೇ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ. ಯಾಕೆಂದರೆ ಶುರು ಮಾಡುವುದು ಅಷ್ಟೇನೂ ಕಷ್ಟವಲ್ಲ. ಮೂರು ಪುಸ್ತಕ ಸಾಕು, ಅವನ್ನು ಓದುವ ಕ್ರಮ ಗೊತ್ತಿರಬೇಕು, ಅಷ್ಟೇ.

ಮೊದಲಿನಿಂದ ಓದುವ ಹಟ ಬೇಡ

ಯಕ್ಷಗಾನಕ್ಕೆ ಹೋಗುವವರು ಆದಿಪರ್ವದಿಂದಲೇ ನೋಡಿಕೊಂಡು ಬರಬೇಕು ಎಂದುಕೊಳ್ಳುವುದಿಲ್ಲ. ಈ ರಾತ್ರಿ ಗದಾಯುದ್ಧ ಇದ್ದರೆ ಗದಾಯುದ್ಧಕ್ಕೇ ಹೋಗಿ ಕೂರುತ್ತೇವೆ. ಕೌರವ ಯಾರು, ಭೀಮನಿಗೆ ಯಾಕೆ ಅಷ್ಟು ಸಿಟ್ಟು ಅನ್ನುವುದು ಹೇಗೋ ಗೊತ್ತಿರುತ್ತದೆ. ಬ್ಯಾಟ್‌ಮ್ಯಾನ್‌ ವಿಷಯವೂ ಹಾಗೇ. ಬ್ರೂಸ್ ವೇನ್ ಎಂಬ ಶ್ರೀಮಂತರ ಮನೆಯ ಹುಡುಗ. ಕಣ್ಣೆದುರೇ ಅಪ್ಪ ಅಮ್ಮನ ಕೊಲೆಯಾಯಿತು. ದೊಡ್ಡವನಾದ ಮೇಲೆ ಬಾವಲಿಯ ವೇಷ ತೊಟ್ಟು ಗಾಥಮ್ ಎಂಬ ಊರಿನ ಕೇಡಿಗರನ್ನು ರಾತ್ರಿ ಹೊತ್ತು ಎದುರಿಸುತ್ತಾನೆ. ಇಷ್ಟು ಗೊತ್ತಿದ್ದರೆ ಯಾವ ಪ್ರಸಂಗಕ್ಕೆ ಬೇಕಾದರೂ ಹೋಗಿ ಕೂರಬಹುದು.

ಇನ್ನು, 1939ರ ಆ ಮೊದಲ ಕಥೆ ಇರುವುದೇ ಆರು ಪುಟ. ಅದರಲ್ಲಿ ಅಪ್ಪ ಅಮ್ಮನ ಕೊಲೆಯ ಮಾತೇ ಇಲ್ಲ. ಆ ಸಂಗತಿ ಬಂದಿದ್ದು ಆರು ಸಂಚಿಕೆ ಕಳೆದ ಮೇಲೆ, 33ನೇ ಸಂಚಿಕೆಯಲ್ಲಿ. ಬ್ಯಾಟ್‌ಮ್ಯಾನ್‌ನ ಜೊತೆಗಾರ ಹುಡುಗ ರಾಬಿನ್, ಕೋಡಂಗಿ ಮುಖದ ಖಳ ಜೋಕರ್, ಕಳ್ಳಿ ಕ್ಯಾಟ್‌ವುಮನ್ ಎಲ್ಲ ಬಂದದ್ದು 1940ರಲ್ಲಿ. ಅಂದರೆ ನಮಗೆ ಗೊತ್ತಿರುವ ಬ್ಯಾಟ್‌ಮ್ಯಾನ್ ಮೊದಲ ದಿನವೇ ಇರಲಿಲ್ಲ, ಬರೆಯುತ್ತ ಬರೆಯುತ್ತ ರೂಪುಗೊಂಡವನು. ಹಳೆಯ ಕಥೆಗಳನ್ನು ಆಮೇಲೆ ಪ್ರೀತಿಯಿಂದ ಓದಿ, ಓದಲೇಬೇಕು. ಆದರೆ ಬಾಗಿಲು ಅದಲ್ಲ.

ಆ ಕಥೆಗಳನ್ನು ಬರೆದವರ ಬಗ್ಗೆ ಒಂದು ಮಾತು ಹೇಳಲೇಬೇಕು. ಚಿತ್ರ ಬರೆದ ಬಾಬ್ ಕೇನ್ ಅವರ ಹೆಸರು ಮಾತ್ರ ಸೃಷ್ಟಿಕರ್ತ ಎಂದು ದಶಕಗಟ್ಟಲೆ ಅಚ್ಚಾಯಿತು. ಕಥೆ ಬರೆದು, ಆ ವೇಷಕ್ಕೂ ರೂಪ ಕೊಟ್ಟ ಬಿಲ್ ಫಿಂಗರ್ ಅವರ ಹೆಸರು ಪಕ್ಕದಲ್ಲಿ ಸೇರಿದ್ದು 2015ರಲ್ಲಿ. ಅವರು 1974ರಲ್ಲೇ ತೀರಿಕೊಂಡಿದ್ದರು. ಆಮೇಲೆ ಅಚ್ಚಾದ ಯಾವ ಬ್ಯಾಟ್‌ಮ್ಯಾನ್ ಪುಸ್ತಕ ತೆರೆದರೂ ಆ ಎರಡನೇ ಹೆಸರನ್ನು ಒಮ್ಮೆ ಓದಿಕೊಳ್ಳಿ.

ಸಂಚಿಕೆ ಅಲ್ಲ, ಸಂಪುಟ

ನಮ್ಮಲ್ಲಿ ಕಾಮಿಕ್ಸ್ ಓದಿ ಬೆಳೆದವರಿಗೆ ಒಂದು ಅಭ್ಯಾಸವಿದೆ. ಬಾಲಮಂಗಳದ ಡಿಂಗನಾಗಲಿ, ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಆಗಲಿ, ಯಾವುದೋ ಒಂದು ಸಂಚಿಕೆ ಕೈಗೆ ಸಿಕ್ಕರೂ ಓದುತ್ತ ಕೂರುತ್ತಿದ್ದೆವು. ಅಮೆರಿಕದ ಈಗಿನ ಕಾಮಿಕ್ಸ್ ಹಾಗಿಲ್ಲ. ಒಂದು ಸಂಚಿಕೆ ಅಂದರೆ ಸುಮಾರು ಇಪ್ಪತ್ತು ಪುಟ. ಒಂದು ಕಥೆ ನಾಲ್ಕೋ ಆರೋ ಹನ್ನೆರಡೋ ಸಂಚಿಕೆ ಓಡುತ್ತದೆ. ಮುಗಿದ ಮೇಲೆ ಎಲ್ಲವನ್ನೂ ಸೇರಿಸಿ ಒಂದು ಸಂಪುಟ ಮಾಡುತ್ತಾರೆ. ಹೊಸಬರು ಕೊಳ್ಳಬೇಕಾದದ್ದು ಈ ಸಂಪುಟವನ್ನು.

ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಫುಟ್‌ಪಾತ್‌ನಲ್ಲಿ ಹಳೇ ಪುಸ್ತಕಗಳ ರಾಶಿಯಿಂದ ಒಂದು ದಪ್ಪ ಬ್ಯಾಟ್‌ಮ್ಯಾನ್ ಆರಿಸಿ ತಂದೆ. ಮನೆಗೆ ಬಂದು ತೆರೆದರೆ ಬ್ರೂಸ್‌ನ ಬೆನ್ನುಮೂಳೆ ಮುರಿದಿದೆ, ಬ್ಯಾಟ್‌ಮ್ಯಾನ್ ವೇಷದೊಳಗೆ ಬೇರೆ ಯಾರೋ ಇದ್ದಾನೆ. ಯಾರು ಅವನು, ಬ್ರೂಸ್‌ಗೆ ಏನಾಯಿತು, ಒಂದೂ ತಿಳಿಯಲಿಲ್ಲ. ಅದು 1993ರಲ್ಲಿ ಶುರುವಾದ ‘ನೈಟ್‌ಫಾಲ್’ ಎಂಬ ಬಹಳ ಉದ್ದದ ಕಥೆಯ ಮಧ್ಯದ ಭಾಗವಾಗಿತ್ತು. ಬೇನ್ ಎಂಬವನು ಬೆನ್ನು ಮುರಿಯುವ ಘಟ್ಟ ಹಿಂದಿನ ಸಂಪುಟದಲ್ಲಿತ್ತು. ತಿಂಗಳುಗಟ್ಟಲೆ ಬ್ಯಾಟ್‌ಮ್ಯಾನ್ ಮುಟ್ಟಲಿಲ್ಲ.

ಹಾಗಾಗಿ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಪುಸ್ತಕದ ಮೊದಲ ಪುಟಗಳಲ್ಲೋ ಕೊನೆಯಲ್ಲೋ ಹಕ್ಕುಸ್ವಾಮ್ಯದ ಸಣ್ಣ ಅಕ್ಷರದ ಪುಟ ಇರುತ್ತದೆ. ಯಾವ ಪತ್ರಿಕೆಯ ಯಾವ ಯಾವ ಸಂಚಿಕೆ ಈ ಸಂಪುಟದಲ್ಲಿವೆ ಎಂದು ಅಲ್ಲಿ ಬರೆದಿರುತ್ತದೆ. ಒಂದೇ ಪತ್ರಿಕೆಯ ಸಂಚಿಕೆಗಳು ಸಾಲಾಗಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ನಾಲ್ಕಾರು ಪತ್ರಿಕೆಗಳ ಹೆಸರು ಬೆರೆತಿದ್ದರೆ ಅದು ಹಲವು ಪತ್ರಿಕೆಗಳಲ್ಲಿ ಹರಡಿಕೊಂಡ ಕಥೆ. ಸದ್ಯಕ್ಕೆ ಅಲ್ಲೇ ಇಡಿ. ಪುಸ್ತಕದ ಬೆನ್ನಿನ ಮೇಲೆ ಸಂಪುಟದ ಸಂಖ್ಯೆ ಎರಡೋ ಮೂರೋ ಇದ್ದರಂತೂ ಬೇಡವೇ ಬೇಡ.

ಮೊದಲನೆಯದು: ‘ಬ್ಯಾಟ್‌ಮ್ಯಾನ್: ಇಯರ್ ಒನ್’

1987ರಲ್ಲಿ ‘ಬ್ಯಾಟ್‌ಮ್ಯಾನ್’ ಪತ್ರಿಕೆಯ 404ರಿಂದ 407ರವರೆಗಿನ ನಾಲ್ಕು ಸಂಚಿಕೆಗಳಲ್ಲಿ ಬಂದ ಕಥೆ. ಬರೆದವರು ಫ್ರ್ಯಾಂಕ್ ಮಿಲ್ಲರ್, ಚಿತ್ರ ಡೇವಿಡ್ ಮಾಝುಕೆಲ್ಲಿ, ಬಣ್ಣ ರಿಚ್ಮಂಡ್ ಲೂಯಿಸ್. ನಾನು ಯಾರಿಗೆ ಹೇಳಿದರೂ ಮೊದಲು ಇದನ್ನೇ ಹೇಳುತ್ತೇನೆ.

ಒಂದೇ ದಿನ ಇಬ್ಬರು ಗಾಥಮ್‌ಗೆ ಬರುತ್ತಾರೆ. ವರ್ಗವಾಗಿ ಬಂದ ಪೊಲೀಸ್ ಅಧಿಕಾರಿ ಜಿಮ್ ಗಾರ್ಡನ್ ರೈಲಿನಲ್ಲಿ. ಹನ್ನೆರಡು ವರ್ಷ ಹೊರಗಿದ್ದ ಬ್ರೂಸ್ ವಿಮಾನದಲ್ಲಿ. ಮೇಲಿನಿಂದ ನೋಡಿದವನಿಗೆ ಊರು ಒಂದು ಥರ ಕಾಣುತ್ತದೆ, ಕೆಳಗಿನಿಂದ ಬಂದವನಿಗೆ ಇನ್ನೊಂದು ಥರ. ಆಮೇಲೆ ಇಬ್ಬರ ಕಥೆಯೂ ದಿನಚರಿಯ ಹಾಗೆ ದಿನಾಂಕ ಹಾಕಿಕೊಂಡು ಒಂದು ವರ್ಷ ಸಾಗುತ್ತದೆ. ಇಬ್ಬರ ಮನಸ್ಸಿನ ಮಾತಿಗೂ ಬೇರೆ ಬೇರೆ ಅಕ್ಷರ. ಯಾರು ಯೋಚಿಸುತ್ತಿದ್ದಾರೆ ಎನ್ನುವುದು ಬರವಣಿಗೆ ನೋಡಿದರೇ ತಿಳಿಯುತ್ತದೆ.

ಹೊಸಬರಿಗೆ ಇದೇ ಯಾಕೆ? ಇಲ್ಲಿ ಬ್ಯಾಟ್‌ಮ್ಯಾನ್‌ಗೂ ಕೆಲಸ ಹೊಸದು. ವೇಷ ಇಲ್ಲದೆ ಬೀದಿಗಿಳಿದ ಮೊದಲ ರಾತ್ರಿಯೇ ಎಲ್ಲ ಕೆಡುತ್ತದೆ. ಕಾಲಿಗೆ ಚೂರಿಯ ಗಾಯ, ಮೇಲೆ ಪೊಲೀಸರ ಗುಂಡು. ರಕ್ತ ಸುರಿಸುತ್ತ ಮನೆಗೆ ಬಂದು ಕೂತಾಗ ಕಿಟಕಿ ಒಡೆದುಕೊಂಡು ಬಾವಲಿ ಒಳಗೆ ಬರುತ್ತದೆ. ಗಾರ್ಡನ್‌ನ ಪಾಡು ಇನ್ನೂ ಕಷ್ಟದ್ದು. ಲಂಚ ತಿನ್ನುವ ಇಲಾಖೆಯಲ್ಲಿ ಲಂಚ ಮುಟ್ಟದವನು ಅವನೊಬ್ಬ. ಸಹೋದ್ಯೋಗಿಗಳೇ ಮುಸುಕು ಹಾಕಿಕೊಂಡು ಬಂದು ಹೊಡೆಯುತ್ತಾರೆ. ನಿಜ ಹೇಳಬೇಕೆಂದರೆ ಈ ಕಥೆಯ ನಾಯಕ ಗಾರ್ಡನ್. ಅದನ್ನು ಗಮನಿಸಿ ಓದಿ.

ಇಂಗ್ಲಿಷ್ ಬಗ್ಗೆ ಹೆದರಿಕೆ ಇರುವವರಿಗೂ ಇದು ಒಳ್ಳೆಯ ಶುರು. ವಾಕ್ಯಗಳು ಚಿಕ್ಕವು. ಚಿತ್ರವೇ ಅರ್ಧ ಹೇಳಿಬಿಡುತ್ತದೆ. ಪ್ರತಿ ಪುಟದಲ್ಲೂ ಮೊದಲು ಚಿತ್ರಗಳನ್ನು ಸುಮ್ನೆ ನೋಡಿ, ಆಮೇಲೆ ಅಕ್ಷರಕ್ಕೆ ಬನ್ನಿ. ಬರೀ ಮಾತು ಓದಿಕೊಂಡು ಓಡಿದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಆದರೆ ಮಾಝುಕೆಲ್ಲಿ ಅವರ ನೆರಳು, ಲೂಯಿಸ್ ಅವರ ಮಂಕು ಹಳದಿ, ಬೂದು, ಕಂದು ಬಣ್ಣ ಎಲ್ಲ ಕೈತಪ್ಪುತ್ತದೆ.

ಎರಡನೆಯದು: ‘ದ ಲಾಂಗ್ ಹ್ಯಾಲೊವೀನ್’

1996–97ರಲ್ಲಿ ಹದಿಮೂರು ಸಂಚಿಕೆಗಳಲ್ಲಿ ಬಂದ ಕೊಲೆಯ ಪತ್ತೇದಾರಿ. ಬರೆದವರು ಜೆಫ್ ಲೋಬ್, ಚಿತ್ರ ಟಿಮ್ ಸೇಲ್. ಗಾಥಮ್‌ನಲ್ಲಿ ಒಬ್ಬ ಕೊಲೆಗಾರ. ಕ್ರಿಸ್‌ಮಸ್, ಹೊಸ ವರ್ಷ, ಪ್ರೇಮಿಗಳ ದಿನ, ತಾಯಂದಿರ ದಿನ ಹೀಗೆ ಪ್ರತಿ ಹಬ್ಬಕ್ಕೂ ಒಂದು ಹೆಣ. ಹ್ಯಾಲೊವೀನ್ ಅಂದರೆ ಅಕ್ಟೋಬರ್ ಕೊನೆಗೆ ಬರುವ, ದೆವ್ವ ಭೂತಗಳ ವೇಷ ಹಾಕುವ ಹಬ್ಬ. ಒಂದು ಹ್ಯಾಲೊವೀನ್‌ನಿಂದ ಮುಂದಿನ ಹ್ಯಾಲೊವೀನ್‌ವರೆಗೆ ಇದೇ ನಡೆಯುತ್ತದೆ. ಇವನನ್ನು ಹಿಡಿಯಲು ಬ್ಯಾಟ್‌ಮ್ಯಾನ್, ಗಾರ್ಡನ್ ಮತ್ತು ಸರ್ಕಾರಿ ವಕೀಲ ಹಾರ್ವಿ ಡೆಂಟ್ ಒಂದಾಗುತ್ತಾರೆ.

ಇದು ‘ಇಯರ್ ಒನ್’ ನಡೆದ ಸ್ವಲ್ಪ ಕಾಲದ ಮೇಲಿನ ಕಥೆ. ಮೊದಲ ಪುಸ್ತಕದಲ್ಲಿ ಪರಿಚಯವಾದ ಫಾಲ್ಕೋನಿಯ ಮಾಫಿಯಾ ಇಲ್ಲೂ ಇದೆ. ಆದರೆ ಊರು ಬದಲಾಗುತ್ತಿದೆ. ಕೋಟು ಹಾಕಿದ ರೌಡಿಗಳ ಜಾಗಕ್ಕೆ ಜೋಕರ್‌ನಂಥ ವಿಚಿತ್ರ ಜನ ಬರುತ್ತಿದ್ದಾರೆ. ಮುಖ್ಯ ಖಳರೆಲ್ಲ ಒಬ್ಬೊಬ್ಬರಾಗಿ ಹಾಜರಾಗುವುದರಿಂದ ಓದುತ್ತ ಓದುತ್ತಲೇ ಎಲ್ಲರ ಪರಿಚಯವಾಗುತ್ತದೆ. 2008ರ ‘ದ ಡಾರ್ಕ್ ನೈಟ್’ ಸಿನಿಮಾ ನೋಡಿದ್ದರೆ ಹಾರ್ವಿಗೆ ಮುಂದೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಗೊತ್ತಿದ್ದೂ ಅವನು ಹೆಂಡತಿ ಗಿಲ್ಡಾ ಜೊತೆ ಮಾತಾಡುವ ಪುಟಗಳನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇದನ್ನು ಒಂದೇ ಸಲಕ್ಕೆ ಮುಗಿಸಬೇಡಿ. ದಿನಕ್ಕೆ ಒಂದೋ ಎರಡೋ ಸಂಚಿಕೆ ಓದಿ, ಕೊಲೆಗಾರ ಯಾರು ಎಂದು ಊಹಿಸುತ್ತ ಇರಿ.

ಮೂರನೆಯದು: ‘ದ ಕೋರ್ಟ್ ಆಫ್ ಔಲ್ಸ್’

ಇದು ಈ ಕಾಲದ್ದು. 2011ರಲ್ಲಿ ಬ್ಯಾಟ್‌ಮ್ಯಾನ್ ಪ್ರಕಟಿಸುವ ಡಿಸಿ ಕಂಪನಿ ತನ್ನ ಪತ್ರಿಕೆಗಳನ್ನೆಲ್ಲ ಮತ್ತೆ ಒಂದರಿಂದ ಶುರು ಮಾಡಿತು. ಆಗ ಸ್ಕಾಟ್ ಸ್ನೈಡರ್ ಬರೆದು ಗ್ರೆಗ್ ಕಪುಲೊ ಚಿತ್ರಿಸಿದ ಮೊದಲ ಕಥೆ ಇದು. ಗಾಥಮ್‌ನ ಹಳೇ ಶ್ರೀಮಂತ ಮನೆತನಗಳ ಒಂದು ಗುಪ್ತಕೂಟ ತಲೆತಲಾಂತರದಿಂದ ಊರನ್ನು ಆಳುತ್ತಿದೆಯಂತೆ, ಗೂಬೆ ಅದರ ಗುರುತಂತೆ. ಬ್ರೂಸ್ ನಂಬುವುದಿಲ್ಲ. ಚಿಕ್ಕಂದಿನಲ್ಲೇ ಹುಡುಕಿದ್ದೇನೆ, ಅಂಥದ್ದೇನೂ ಇಲ್ಲ ಅನ್ನುತ್ತಾನೆ. ಈ ಊರು ನನ್ನದು, ಇದರ ಇಂಚಿಂಚೂ ನನಗೆ ಗೊತ್ತು ಎಂಬ ಅವನ ನಂಬಿಕೆ ಇಲ್ಲಿ ಕುಸಿಯುತ್ತದೆ.

ಐದನೇ ಸಂಚಿಕೆಗೆ ಬಂದಾಗ ಅವನು ನೆಲದಡಿಯ ಒಂದು ಚಕ್ರವ್ಯೂಹದಲ್ಲಿ ಸಿಕ್ಕಿಬಿದ್ದಿರುತ್ತಾನೆ. ಅನ್ನ ನಿದ್ದೆ ಇಲ್ಲದೆ ತಲೆ ಕೆಡುತ್ತಿದ್ದಂತೆ ಪುಟವೂ ತಿರುಗುತ್ತದೆ. ಮೊದಲು ಅಡ್ಡವಾಗುತ್ತದೆ, ಆಮೇಲೆ ತಲೆಕೆಳಗಾಗುತ್ತದೆ. ಪುಸ್ತಕವನ್ನು ಕೈಯಲ್ಲಿ ತಿರುಗಿಸುತ್ತ ತಿರುಗಿಸುತ್ತ, ಪುಟ ಯಾವ ಕಡೆಗೆ ಮಗುಚಬೇಕು ಎನ್ನುವುದೇ ನಿಮಗೂ ಗೊಂದಲವಾಗುತ್ತದೆ. ಸಿನಿಮಾಕ್ಕಾಗಲಿ ಕಾದಂಬರಿಗಾಗಲಿ ಆಗದ, ಕಾಮಿಕ್ಸ್‌ಗೆ ಮಾತ್ರ ಆಗುವ ಕೆಲಸ ಇದು. ಸಾಧ್ಯವಾದರೆ ಅಚ್ಚಿನ ಪುಸ್ತಕದಲ್ಲೇ ಓದಿ. ಫೋನಿನಲ್ಲಿ ಓದುವುದಾದರೆ ಪರದೆ ತಾನಾಗಿ ತಿರುಗುವುದನ್ನು ಮೊದಲೇ ನಿಲ್ಲಿಸಿಕೊಳ್ಳಿ. ಇಲ್ಲದಿದ್ದರೆ ನೀವು ತಿರುಗಿಸಿದ ಹಾಗೆಲ್ಲ ಅದೂ ತಿರುಗಿ ಪುಟವನ್ನು ನೆಟ್ಟಗೆ ಮಾಡಿಬಿಡುತ್ತದೆ!

ಈ ಪುಸ್ತಕದಲ್ಲಿ ರಾಬಿನ್‌ಗಳು ಹಲವರು ಒಟ್ಟಿಗೆ ಕಾಣಿಸುತ್ತಾರೆ, ಗಾಬರಿ ಬೇಡ. ರಾಬಿನ್ ಅನ್ನುವುದು ಒಬ್ಬರ ನಂತರ ಒಬ್ಬರು ತೊಟ್ಟ ವೇಷ. ಮೊದಲನೆಯವನು ಡಿಕ್ ಗ್ರೇಸನ್, ಈಗ ದೊಡ್ಡವನಾಗಿ ನೈಟ್‌ವಿಂಗ್ ಆಗಿದ್ದಾನೆ. ಎರಡನೆಯವನು ಜೇಸನ್ ಟಾಡ್, ಅವನ ಕಥೆ ಮುಂದೆ ಹೇಳುತ್ತೇನೆ. ನಂತರ ಟಿಮ್ ಡ್ರೇಕ್. ಚಿಕ್ಕವನು ಡೇಮಿಯನ್, ಅವನು ಬ್ರೂಸ್‌ನ ಸ್ವಂತ ಮಗ. ಸದ್ಯಕ್ಕೆ ಇಷ್ಟು ಸಾಕು.

ಸ್ವಲ್ಪ ತಡೆದು ಓದಬೇಕಾದವು

ಯಾರನ್ನು ಕೇಳಿದರೂ ಮೊದಲು ಹೇಳುವುದು 1988ರ ‘ದ ಕಿಲ್ಲಿಂಗ್ ಜೋಕ್’. ಅಲನ್ ಮೂರ್ ಬರಹ, ಬ್ರಯಾನ್ ಬೋಲಂಡ್ ಚಿತ್ರ, ತೆಳ್ಳಗಿನ ಪುಸ್ತಕ. ಚಿತ್ರಗಳ ಬಗ್ಗೆ ಎರಡು ಮಾತಿಲ್ಲ. ಆದರೂ ಮೊದಲು ಓದಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ. ಅದರಲ್ಲಿ ಗಾರ್ಡನ್ ಮಗಳು ಬಾರ್ಬರಾಳ ಮೇಲೆ ಜೋಕರ್ ಗುಂಡು ಹಾರಿಸುತ್ತಾನೆ, ಅವಳು ನಡೆಯಲಾರದಂತಾಗುತ್ತಾಳೆ. ಅವಳು ಬ್ಯಾಟ್‌ಗರ್ಲ್ ಆಗಿದ್ದವಳು. ಅವಳ ಪರಿಚಯವೇ ಇಲ್ಲದೆ ಓದಿದರೆ ಅವಳ ನೋವು ಗಂಡಸರ ಜಗಳಕ್ಕೆ ಒಂದು ನೆಪವಾಗಿ ಮಾತ್ರ ಕಾಣುತ್ತದೆ. ಮುಂದೆ ಗಾಲಿಕುರ್ಚಿಯಲ್ಲಿ ಕೂತೇ ಆರಕಲ್ ಎಂಬ ಹೆಸರಿನಲ್ಲಿ ಇಡೀ ನಾಯಕರ ಬಳಗಕ್ಕೆ ಮಾಹಿತಿ ಒದಗಿಸುವವಳಾಗಿ ಅವಳು ಎದ್ದು ಬಂದಳು. ಅದನ್ನು ಬರೆದವರು ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್. ಈ ಎರಡನ್ನೂ ಜೊತೆಗಿಟ್ಟು ನೋಡಬೇಕು.

ಜೇಸನ್ ಟಾಡ್ ಕಥೆಯಾದ ‘ಎ ಡೆತ್ ಇನ್ ದ ಫ್ಯಾಮಿಲಿ’ ಕೂಡ ಆಮೇಲಿನದು. 1988ರಲ್ಲಿ ಆ ಹುಡುಗ ಬದುಕಬೇಕೋ ಸಾಯಬೇಕೋ ಎಂದು ಓದುಗರಿಂದ ಫೋನಿನಲ್ಲಿ ಮತ ಹಾಕಿಸಿದರು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಬರೀ 72 ಮತದಲ್ಲಿ ಅವನು ಸತ್ತ. ಇನ್ನು 2002ರಲ್ಲಿ ಶುರುವಾದ ‘ಹಷ್’. ಜಿಮ್ ಲೀ ಚಿತ್ರಗಳು ಕಣ್ಣಿಗೆ ಹಬ್ಬ. ಅದರ ಮಜಾ ಇರುವುದು ಹಳೆಯ ಮುಖಗಳನ್ನು ಮತ್ತೆ ನೋಡುವುದರಲ್ಲಿ. ಮೂರು ಪುಸ್ತಕ ಆದ ಮೇಲೆ ನಾಲ್ಕನೆಯದಾಗಿ ಓದಿ.

ಮೇಲಿನ ಯಾವುದೂ ಚಿಕ್ಕ ಮಕ್ಕಳಿಗಲ್ಲ. ಹದಿನೈದು ದಾಟಿರಲಿ. ಚಿಕ್ಕವರಿಗೆ 2021ರಲ್ಲಿ ವೆಬ್‌ಟೂನ್ ಆ್ಯಪ್‌ನಲ್ಲಿ ಶುರುವಾದ ‘ವೇನ್ ಫ್ಯಾಮಿಲಿ ಅಡ್ವೆಂಚರ್ಸ್’ ತೋರಿಸಿ. ಡ್ಯೂಕ್ ಎಂಬ ಹುಡುಗ ಬ್ರೂಸ್ ಮನೆಗೆ ಬಂದು ಸೇರುತ್ತಾನೆ. ಅವನ ಜೊತೆಗೇ ಓದುವವರಿಗೂ ಮನೆಯವರೆಲ್ಲ ಪರಿಚಯವಾಗುತ್ತಾರೆ. ಹೊಡೆದಾಟ ಕಡಿಮೆ, ಮನೆಯ ಮಾತುಕತೆ ಜಾಸ್ತಿ. ಫೋನಿನಲ್ಲಿ ಕೆಳಗೆ ಸರಿಸುತ್ತ ಓದುವಂತೆಯೇ ಮಾಡಿದ್ದಾರೆ, ದುಡ್ಡು ಕೊಡದೆ ಓದಬಹುದು.

ದುಡ್ಡಿನ ಮಾತು ಬಂತಲ್ಲ, 2024ರಲ್ಲಿ ಡಿಸಿ ಸಣ್ಣ ಅಳತೆಯ ಅಗ್ಗದ ಸಂಪುಟಗಳನ್ನು ತರಲು ಶುರು ಮಾಡಿತು. ಅಮೆರಿಕದಲ್ಲಿ 9.99 ಡಾಲರ್ ಬೆಲೆ. ‘ಕೋರ್ಟ್ ಆಫ್ ಔಲ್ಸ್’ ಮತ್ತು ‘ಹಷ್’ ಎರಡೂ ಈ ಸಾಲಿನಲ್ಲಿವೆ. ಬೆಂಗಳೂರಿನವರು ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲಿ ಹಳೇ ಪ್ರತಿಗಳಿಗೂ ಒಮ್ಮೆ ಕಣ್ಣಾಡಿಸಿ. ಸಣ್ಣ ಅಕ್ಷರದ ಪುಟ ನೋಡುವುದನ್ನು ಮಾತ್ರ ಮರೆಯಬೇಡಿ.

ಮೂರರಲ್ಲಿ ಯಾವುದು ಜಾಸ್ತಿ ಇಷ್ಟವಾಯಿತೋ ಅದರ ಲೇಖಕರ ಹೆಸರು ಹಿಡಿದು ಮುಂದೆ ಹೋಗಿ, ಸಂಚಿಕೆಯ ಸಂಖ್ಯೆ ಹಿಡಿದಲ್ಲ. ಸ್ನೈಡರ್ ಹಿಡಿಸಿದರೆ ಅವರೂ ಕಪುಲೊ ಅವರೂ 2016ರವರೆಗೆ ಮಾಡಿದ ಕಥೆಗಳಿವೆ. ಲೋಬ್ ಮತ್ತು ಸೇಲ್ ಹಿಡಿಸಿದರೆ ಅದರ ಮುಂದಿನ ಭಾಗ ‘ಡಾರ್ಕ್ ವಿಕ್ಟರಿ’ ಇದೆ, ಡಿಕ್ ಮೊದಲ ರಾಬಿನ್ ಆಗುವುದು ಅದರಲ್ಲೇ.

ಮಿಲ್ಲರ್ ಹಿಡಿಸಿದರೆ ‘ದ ಡಾರ್ಕ್ ನೈಟ್ ರಿಟರ್ನ್ಸ್’. ಇದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಮಿಲ್ಲರ್ ಇದನ್ನು ಬರೆದದ್ದು 1986ರಲ್ಲಿ, ‘ಇಯರ್ ಒನ್’ಗಿಂತ ಮೊದಲು. ಅಂತ್ಯವನ್ನು ಬರೆದ ಮೇಲೆ ಆರಂಭಕ್ಕೆ ಬಂದರು. ನೀವು ಆರಂಭದಿಂದ ಹೋಗಿ. ಬ್ಯಾಟ್‌ಮ್ಯಾನ್ ಕಣ್ಮರೆಯಾಗಿ ಹತ್ತು ವರ್ಷವಾಗಿದೆ. ಬ್ರೂಸ್‌ಗೆ 55. ಒಂದು ಕಾಲದಲ್ಲಿ ರೈಲಿನಿಂದ ಇಳಿದು ಈ ಊರಿಗೆ ಹೆದರಿದ್ದ ಗಾರ್ಡನ್‌ಗೆ 70 ತುಂಬುತ್ತಿದೆ, ನಿವೃತ್ತಿ ಹತ್ತಿರ. ಮೊದಲ ಕೆಲವು ಪುಟಗಳಲ್ಲೇ ಇಬ್ಬರೂ ಎದುರು ಬದುರು ಕೂತು ಮಾತಾಡುತ್ತಾರೆ. ಆ ಪುಟದಲ್ಲಿ ಸ್ವಲ್ಪ ಹೊತ್ತು ನಿಲ್ಲಿ.